ಮೇಸ್ತ್ರಮ್ಮ ಮೊದಲು ಹೋಗಿ ನೋಡಿದ ಕೆಲಸ

ವಿಶಾಲಾಕ್ಷಮ್ಮನ ಮಂಡಿ ಕೆಟ್ಟು ನಡೆಯಲಾಗದಾದಾಗ ಕೆಲಸ ಹೋಯಿತಲ್ಲ ಎಂದು ಊರಿನವರು ಮರುಗಿದರು. ಹೆಸರು ಹೋಯಿತಲ್ಲ ಎಂದು ಆಕೆ ಮರುಗಿದಳು. ಕುಶಾಲನಗರದ ಆಚೆಯ ನಮ್ಮೂರಿನಲ್ಲಿ ಆಕೆ ಎಲ್ಲರಿಗೂ ಮೇಸ್ತ್ರಮ್ಮ. ಅರಕಲಗೂಡಿನ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆಯ ಸೊಸೆ. ಕಾಫಿ ಹಣ್ಣಾಗುವ ಕಾಲಕ್ಕೆ ಊರಿನ ಹೆಂಗಸರನ್ನು ಜೀಪಿನಲ್ಲಿ ಮಾದಾಪುರದ ಎಸ್ಟೇಟುಗಳಿಗೆ ಪಿಕ್ಕಿಂಗಿಗೆ ಕರೆದೊಯ್ಯುವುದು, ಸಂಜೆ ಎಲ್ಲರನ್ನೂ ಮನೆ ಮುಟ್ಟಿಸುವುದು ಆಕೆಯ ಕೆಲಸವಾಗಿತ್ತು. ನಾನು ಪಕ್ಕದ ಮನೆಯವಳು, ಹೊಲಿಗೆ ಮೆಷಿನ್ನಿನ ಮುಂದೆ ಕೂತೇ ಆಯುಸ್ಸು ಸವೆಸಿದವಳು. ಹೆಂಗಸರನ್ನು ಕೂಗಿ ಎಬ್ಬಿಸುತ್ತಿದ್ದ ಆಕೆಯ ಗಟ್ಟಿ ಗಂಟಲಿಲ್ಲದ ಬೆಳಗು ನನಗೂ ಒಗ್ಗಲಿಲ್ಲ.

ಆಕೆಯ ಗ್ಯಾಂಗಿಗೆ ಒಂದು ಕಟ್ಟಳೆಯಿತ್ತು. ಹೊಸ ಎಸ್ಟೇಟಾದರೆ ಮೊದಲು ತಾನೊಬ್ಬಳೇ ಹೋಗಿ ಒಂದು ದಿನ ಹಣ್ಣು ಕೊಯ್ದು ಬರುತ್ತಿದ್ದಳು. ಆಳುಗಳ ಉಸ್ತುವಾರಿ ನೋಡುವ ರೈಟರ್ ಎಂಥವನು, ತೂಕ ನ್ಯಾಯವೇ, ಕುಡಿಯಲು ನೀರಿದೆಯೇ, ಎಲ್ಲ ನೋಡಿದ ಮೇಲೆಯೇ ಹೆಂಗಸರಿಗೆ ಮಾತು. ಆಮೇಲೂ ಎಸ್ಟೇಟಿನವರು ಅಡ್ವಾನ್ಸ್ ಕೊಡದೆ ಜೀಪು ಹೊರಡುತ್ತಿರಲಿಲ್ಲ.

ಈಗ ಜಗಲಿಯೇ ಗತಿಯಾಯಿತು. ಗಂಡ ಪುಟ್ಟರಾಜು ಒಳ್ಳೆಯವನು. "ಇಷ್ಟ್ ದಿನ ದುಡ್ದಿದ್ದು ಸಾಕು ಕಣೆ, ಕೂತ್ಕೊಂಡು ಉಣ್ಣು" ಅಂದ. ಪ್ರೀತಿಯಿಂದಲೇ ಅಂದದ್ದು. ಆಕೆಗೆ ಅದು ಮೂಲೆಗೆ ಸರಿಸಿದ ಹಾಗೆ ಕೇಳಿತು. ಅಂದು ನನ್ನ ಮುಂದೆ ಕೂತು ಅತ್ತಳು.

ಆ ಹೊತ್ತಿಗೇ ಆಕೆಯ ಮೊಬೈಲಿಗೆ ಜಾಹೀರಾತು ಬಂತು. ಮನೆಯಲ್ಲೇ ಕೂತು ಪೆನ್ಸಿಲ್ ಪ್ಯಾಕ್ ಮಾಡಿ, ಕೈತುಂಬ ಸಂಪಾದಿಸಿ. ಕೈ ಕೆಸರಾಗದೆ ಬಾಯಿಗೆ ಮೊಸರು ಕೊಡುತ್ತೇನೆ ಅನ್ನುವವನನ್ನು ನಾನಂತೂ ನಂಬುವವಳಲ್ಲ. ಆದರೆ ಆಕೆ ಅದರಲ್ಲಿದ್ದ ನಂಬರಿಗೆ ಫೋನು ಮಾಡಿ ತನ್ನ ಗ್ಯಾಂಗಿನ ವಿಷಯ ಹೇಳಿದಾಗ, ಆ ಕಡೆಯ ಹುಡುಗನ ದನಿ ಬೆಣ್ಣೆಯಂತಿತ್ತು. "ಅಷ್ಟೊಂದು ಹೆಂಗಸ್ರು ನಿಮ್ಮ ಮಾತು ಕೇಳ್ತಾರಾ ಮೇಡಂ? ಹಾಗಾದ್ರೆ ನೀವೇ ನಮ್ಮ ಟೀಮ್ ಲೀಡರ್" ಅಂದ. ಮಂಡಿ ಕೆಟ್ಟ ಮೇಲೆ ಆಕೆಯನ್ನು ಯಾರೂ ಹಾಗೆ ಮೇಲೆ ಕೂರಿಸಿರಲಿಲ್ಲ. ಹೊಗಳಿ ಹೊನ್ನಶೂಲಕ್ಕೇರಿಸುವುದೆಂದರೆ ಇದೇ.

ಬೇರೆ ಯಾರಾದರೂ ಆಗಿದ್ದರೆ ಸಿಕ್ಕ ಕೆಲಸವನ್ನು ಸದ್ದಿಲ್ಲದೆ ತಾವೇ ಮಾಡಿಕೊಳ್ಳುತ್ತಿದ್ದರು. ಮೇಸ್ತ್ರಿಗೆ ಹಾಗೆ ಬರುವುದಿಲ್ಲ, ಕೆಲಸವೆಂದರೆ ಗ್ಯಾಂಗಿಗೇ. ಜಗಲಿಗೆ ಎಲ್ಲರನ್ನೂ ಕರೆದಳು. ಹುಡುಗ ಕೇಳಿದ ರಿಜಿಸ್ಟ್ರೇಷನ್ ದುಡ್ಡನ್ನು ಹೆಂಗಸರು ಒಂದು ಮಾತೂ ಕೇಳದೆ ತಂದುಕೊಟ್ಟರು. "ಹುಷಾರು ಕಣೇ" ಅಂದೆ ನಾನು. "ಕಟ್ಟಳೆ ಮರ್ತಿಲ್ಲ ಬಿಡು. ಮೊದ್ಲು ನಾನು ಹೋಗಿ ನೋಡ್ತೀನಿ" ಅಂದಳು. ಹೆಂಗಸರ ದುಡ್ಡನ್ನು ಅಕ್ಕಿ ಡಬ್ಬದಲ್ಲಿಟ್ಟು, ತನ್ನ ಪಾಲನ್ನಷ್ಟೇ ಕಳಿಸಿದಳು.

ಪೆನ್ಸಿಲ್ ಪೆಟ್ಟಿಗೆ ಬರಲಿಲ್ಲ. ಹುಡುಗನ ಫೋನು ಬಂತು. ಕೊರಿಯರಿಗೆ ಇನ್ನಷ್ಟು ಕಳಿಸಿ, ಜೊತೆಗೆ ಟೀಮಿನವರದ್ದೂ ಇವತ್ತೇ ಬರಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಅವಸರ ಮಾಡಿದ. ಮೇಸ್ತ್ರಮ್ಮನ ಮುಖ ಬಿಗಿದುಕೊಂಡಿತು.

"ಅಲ್ಲಪ್ಪ, ನಮ್ಮ ಕಡೆ ಕೆಲ್ಸ ಕೊಡೋರು ಅಡ್ವಾನ್ಸ್ ಕೊಡ್ತಾರೆ. ನೀನು ನನ್ನತ್ರನೇ ಕೇಳ್ತಿದ್ದೀಯಲ್ಲ. ಗ್ಯಾಂಗ್ ಬೇಕಂದ್ರೆ ಅಡ್ವಾನ್ಸ್ ಕಳ್ಸು."

ಬೆಣ್ಣೆ ದನಿ ಬಾಯಿಗೆ ಬಂದಂತೆ ಬೈದು ಫೋನಿಟ್ಟಿತು. ಮತ್ತೆ ಮಾಡಿದರೆ ಆ ನಂಬರೇ ಸಿಗಲಿಲ್ಲ.

ಆಕೆಯ ತಂಗಿಯ ಮಗಳು ಅನುಶ್ರೀ ಸೈಬರ್ ಸಹಾಯವಾಣಿಗೆ ದೂರು ಕೊಡಿಸಿದಳು. ಹೋದ ದುಡ್ಡು ಈವರೆಗೆ ಬಂದಿಲ್ಲ. ಆಕೆಯನ್ನು ಕೊರೆದದ್ದು ಆ ದುಡ್ಡಲ್ಲ, ಮತ್ತೆ ಜಗಲಿಗೆ ಹೆಂಗಸರನ್ನು ಕರೆಯಬೇಕಾದ ನಾಚಿಕೆ. ಆದರೂ ಕರೆದಳು. ಅವರವರ ದುಡ್ಡು ಅವರವರ ಕೈಗಿಟ್ಟು, "ಮೋಸ ಹೋದೆ ಕಣ್ರವ್ವ. ಇನ್ಮೇಲೆ ನನ್ನ ಮಾತು ನಂಬಬೇಡಿ" ಅಂದಳು.

ಗ್ಯಾಂಗಿನ ಹಿರಿಯಳು ಮಾರಿ ಎಲೆಯಡಿಕೆ ಉಗಿದು ಬಂದು ಕೂತಳು. "ಮೋಸ ಎಂತದು ಅಕ್ಕ? ನೀವು ಹೋಗಿ ನೋಡ್ಕಂಡು ಬಂದ್ರಿ, ಎಸ್ಟೇಟ್ ಸರಿಯಿಲ್ಲ ಅಂತ ಹೇಳಿದ್ರಿ. ಯಾವಾಗ್ಲೂ ಹಂಗೇ ತಾನೆ" ಅಂದಳು.

ಮೇಸ್ತ್ರಮ್ಮನ ಗಂಟಲು ಅಂದು ವಾಪಸ್ಸು ಬಂತು ಅನ್ನುತ್ತೇನೆ ನಾನು. ಮರುದಿನ ಪರಿಚಯದ ರೈಟರುಗಳಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದಳು, ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳ ಹೆಂಗಸರಿಗೆ ಈ ಪೆನ್ಸಿಲ್ ಕಳ್ಳರ ವಿಷಯ ಹೇಳಿ ಎಂದು. ಮಾದಾಪುರದ ರೈಟರ್ ಕೃಷ್ಣಪ್ಪ ಪೂರ್ತಿ ಕೇಳಿ, "ಅದಿರ್ಲಿ ಮೇಸ್ತ್ರಮ್ಮ, ಈ ಸಲ ನಮಗೆ ಆಳೇ ಸಿಕ್ತಿಲ್ಲ. ನೀವು ಬರೋದು ಬೇಡ. ಮನೇಲೇ ಕೂತು ಫೋನಲ್ಲಿ ಜನ ಹೊಂದಿಸಿ, ಜೀಪ್ ಕಳ್ಸಿ. ಸಂಬಳ ನಾವು ಕೊಡ್ತೀವಿ" ಅಂದರು.

ಆಕೆ "ಅಡ್ವಾನ್ಸ್?" ಅಂದಳು.

"ನನ್ನನ್ನೂ ನಂಬಲ್ವಾ?"

"ನಂಬ್ತೀನಿ ಸ್ವಾಮಿ. ಬಂದು ಕೊಟ್ಟೋಗಿ."

ಕೃಷ್ಣಪ್ಪ ನಗುತ್ತ ಬಂದು ಕೊಟ್ಟುಹೋದರು. ಈಗ ಇನ್ನೂ ಕೆಲವು ಎಸ್ಟೇಟಿನವರು ಆಕೆಯನ್ನೇ ಕೇಳುತ್ತಾರೆ. ಹೊಸ ಎಸ್ಟೇಟಾದರೆ ನೋಡಿಬರಲು ಮಾರಿಯನ್ನು ಕಳಿಸುತ್ತಾಳೆ. ಬೆಳಗಾದರೆ ಕಾಲು ಚಾಚಿ, ಮೊಬೈಲು ಕಿವಿಗಿಟ್ಟು, ಜಗಲಿಯಿಂದಲೇ ಊರನ್ನೆಲ್ಲ ಎಬ್ಬಿಸುತ್ತಾಳೆ. ಜೀಪು ತಿರುವಿನಲ್ಲಿ ನಿಧಾನವಾಗುತ್ತದೆ. "ಮೇಸ್ತ್ರಮ್ಮ, ಬರ್ತೀವಿ" ಅನ್ನುತ್ತಾರೆ ಹೆಂಗಸರು, ಆಕೆ ಕೈಯೆತ್ತುವವರೆಗೂ ಜೀಪು ಮುಂದೆ ಹೋಗುವುದಿಲ್ಲ.