ಊರಿಗೂ ಒಬ್ಬ ಅಪ್ಪ ಇರ್ತಾನೆ

ರಂಗನಾಥಯ್ಯನವರ ಎದುರು ಯಾರಾದರೂ ಊರಿನ ಹೆಸರೆತ್ತಿದರೆ ಸಾಕು, ಅವರ ಬಲಗೈ ತಾನಾಗಿ ಅಂಗಿಯ ಜೇಬಿನ ಕೆಂಪು ಪೆನ್ನನ್ನು ಮುಟ್ಟುತ್ತಿತ್ತು. ಹೇಳಿದವರು ನಮ್ಮ ಮ್ಯಾನೇಜರೇ ಆಗಲಿ, ಆಫೀಸಿನ ಗೇಟಿನ ಬಳಿ ಅವಕಾಡೊ ಮಾರುವ ಅಜ್ಜಿಯೇ ಆಗಲಿ, ಅವರದು ಒಂದೇ ಪ್ರಶ್ನೆ: "ಯಾವುದು?" ಪಾಪ, ಆ ಅಜ್ಜಿ ತನ್ನ ಊರು, ಅದರ ಪಕ್ಕದ ಊರು, ಅಲ್ಲಿ ಹರಿಯುವ ಹೊಳೆ ಎಲ್ಲವನ್ನೂ ಒಪ್ಪಿಸಿದ ಮೇಲೆಯೇ ಇವರು ಹಣ್ಣಿಗೆ ಕೈ ಹಾಕುತ್ತಿದ್ದುದು.

ನಮ್ಮ ಆಫೀಸು ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿತ್ತು. ಚೀನಾದಿಂದ ಎಕ್ಸ್‌ರೇ ಯಂತ್ರ, ಆಸ್ಪತ್ರೆಯ ಮಂಚ ಇಂಥವನ್ನೆಲ್ಲ ತರಿಸಿ ಕೀನ್ಯಾದ ಆಸ್ಪತ್ರೆಗಳಿಗೆ ಒದಗಿಸುವುದು ನಮ್ಮ ಕೆಲಸ. ಎರಡು ಸಾವಿರದ ಹದಿಮೂರರಲ್ಲಿ ಬೆಂಗಳೂರಿನ ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿತು. ರಂಗನಾಥಯ್ಯನವರು ಆಗಲೇ ಅಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ಮೈಸೂರು ಕಡೆಯವರು, ಮದುವೆಯಾಗದವರು, ಬೆಳ್ಳುಳ್ಳಿ ಕೂಡ ಮುಟ್ಟದವರು. ಸರಕಿನ ಕಾಗದಪತ್ರವೆಲ್ಲ ಅವರ ಮೇಜಿನ ಮೇಲೆ ಹಾದೇ ಹೋಗಬೇಕು.

ಮೊದಲ ವಾರವೇ ನಾನು ಟೈಪು ಮಾಡಿದ ಒಂದು ಆರ್ಡರು ಕೆಂಪು ಸುತ್ತು ಹಾಕಿಸಿಕೊಂಡು ವಾಪಸು ಬಂತು. ಸುತ್ತಿನೊಳಗೆ 'ಗುಲೋ ಡಿಸ್ಟ್ರಿಕ್ಟ್' ಎಂದಿತ್ತು. ಕಾರ್ಖಾನೆಯವರು ಹೇಳಿದ್ದನ್ನೇ ಬರೆದಿದ್ದೇನೆ, ತಪ್ಪೇನು ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

"ಬಾಮ್ಮಾ, ಕೂತ್ಕೋ. ಗುಲೋ ಅಂದ್ರೆ ನಗಾರಿ ಗೋಪುರ. ಹಳೇ ಊರಲ್ಲೆಲ್ಲ ಒಂದೊಂದು ಇರುತ್ತೆ, ನಮ್ಮಲ್ಲಿ ಕೋಟೆ ಬೀದಿ ಇದ್ದ ಹಾಗೆ. ನಾನ್‌ಜಿಂಗಲ್ಲೊಂದು ಗುಲೋ, ಫುಝೌನಲ್ಲೊಂದು, ಕೈಫೆಂಗಲ್ಲೊಂದು. ನಿನ್ ಲಾರಿ ಯಾವ ಬಾಗಿಲು ತಟ್ಟಬೇಕು?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅನ್ನು, ಪರವಾಗಿಲ್ಲ. ಆದ್ರೆ ಗೊತ್ತಿಲ್ದೇ ಟೈಪ್ ಮಾಡ್ಬೇಡ. ಮನುಷ್ಯರಿಗೆ ಹ್ಯಾಗೋ ಊರಿಗೂ ಹಾಗೇನೇ, ಒಬ್ಬ ಅಪ್ಪ ಇರ್ತಾನೆ. ಅಪ್ಪನ ಹೆಸರು ಕೇಳ್ದೇ ಯಾವ ಊರನ್ನೂ ಒಳಗೆ ಬಿಟ್ಕೋಬಾರ್ದು."

ಹೀಗೆ ಹೇಳಿ, ಡ್ರಾಯರಿನಿಂದ ಉದ್ದನೆಯ ನೋಟ್‌ಬುಕ್ಕು ತೆಗೆದರು. ಅದಕ್ಕೆ ಅವರಿಟ್ಟ ಹೆಸರು 'ಜಾತಕ'. ಒಂದೊಂದು ಪುಟಕ್ಕೆ ಒಂದೊಂದು ಹೆಸರು, ಅದರಡಿ ಆ ಹೆಸರಿನ ಊರುಗಳೆಲ್ಲ ಅಪ್ಪ ಅಜ್ಜಂದಿರ ಸಮೇತ ಸಾಲಾಗಿ ನಿಂತಿದ್ದವು. ಚಾವ್‌ಯಾಂಗ್ ಎಂಬ ಹೆಸರಿಗಂತೂ ಪುಟ ಸಾಲದೆ ಅಂಟಿನಿಂದ ಇನ್ನೊಂದು ಹಾಳೆ ಮೆತ್ತಿದ್ದರು. ಬೀಜಿಂಗಿನೊಳಗೊಂದು, ಚಾಂಗ್‌ಚುನ್‌ನೊಳಗೊಂದು, ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಇಡೀ ನಗರವೇ ಒಂದು. ಇಂಗ್ಲಿಷಿನಲ್ಲಿ ಬರೆದರೆ ದಕ್ಷಿಣದ ಕಡಲತೀರದಲ್ಲೂ ಒಂದು. ಚೀನಾಕ್ಕೆ ಒಮ್ಮೆಯೂ ಹೋಗದ ಈ ಮನುಷ್ಯ ಅಲ್ಲಿನ ಊರುಗಳಿಗೆಲ್ಲ ಸಂಬಂಧ ಹುಡುಕುವ ಜೋಯಿಸರಂತೆ ಕೂತಿರುತ್ತಿದ್ದರು.

ಯಂತ್ರ ಜೋಡಿಸಲು ಕಾರ್ಖಾನೆಯಿಂದ ಬಂದಿದ್ದ ಸುನ್ ಎಂಬ ನಡುವಯಸ್ಸಿನ ಮೆಕ್ಯಾನಿಕ್ ಒಂದು ದಿನ ಚಹದ ಹೊತ್ತಿನಲ್ಲಿ ಇವರ ಕೈಗೆ ಸಿಕ್ಕಿಬಿದ್ದ. ಅವನ ಇಂಗ್ಲಿಷು ಹತ್ತು ಪದ ದಾಟುತ್ತಿರಲಿಲ್ಲ. ನಿನ್ನೂರು ಯಾವುದು ಎಂದರೆ ನಗುತ್ತಾ "ಚಾವ್‌ಯಾಂಗ್" ಎಂದ. ಕೆಂಪು ಪೆನ್ನು ಹೊರಬಂತು. ಯಾವುದು ಎಂದು ಕೈಸನ್ನೆಯಲ್ಲಿ ಕೇಳಿ ಜಾತಕವನ್ನೇ ಅವನ ಮುಂದಿಟ್ಟರು. ಅವನು ಯೋಚಿಸಿ ಒಂದು ದುಂಡು ಗೆರೆ ಎಳೆದು ಅದರೊಳಗೆ ರೆಕ್ಕೆ ಚಾಚಿದ ಹಕ್ಕಿಯೊಂದನ್ನು ಬರೆದ.

"ಬಾತುಕೋಳಿ! ತಟ್ಟೇಲಿರೋ ಬಾತುಕೋಳಿ! ಹುರಿದ ಬಾತುಕೋಳಿಗೆ ಬೀಜಿಂಗೇ ಫೇಮಸ್ಸು. ಇದು ಬೀಜಿಂಗಿನ ಚಾವ್‌ಯಾಂಗೇ" ಎಂದು ರಂಗನಾಥಯ್ಯನವರು ತೀರ್ಪು ಕೊಟ್ಟೇಬಿಟ್ಟರು.

ಸುನ್ ತಲೆಯಲ್ಲಾಡಿಸಿದ. ಗೋಡೆ ಗುದ್ದಿದ, ನೆಲ ಕುಟ್ಟಿದ, ಕೊನೆಗೆ ಅಂಗಳದಿಂದ ಒಂದು ಕಲ್ಲು ತಂದು ಹಕ್ಕಿಯ ಮೇಲಿಟ್ಟ. ಅವನೂರಿನಲ್ಲಿ ನೆಲ ಅಗೆದರೆ ಕಲ್ಲಿನೊಳಗೆ ಅಚ್ಚಾದ ಹಳೆಯ ಕಾಲದ ಹಕ್ಕಿಗಳು ಸಿಗುತ್ತವೆ ಎಂದು ನಮಗೆ ತಿಳಿಯುವಷ್ಟರಲ್ಲಿ ಚಹ ಆರಿ ನೀರಾಗಿತ್ತು. ಇಷ್ಟು ಹೊತ್ತೂ ನೋಡುತ್ತಿದ್ದ ನಮ್ಮ ರಿಸೆಪ್ಷನಿಸ್ಟ್ ವಾಂಜಿರು ಇಂಗ್ಲಿಷಿನಲ್ಲಿ, "ಮ್ಜೆ, ಅವನಿಗೆ ಚೀನೀ ಬರೆಯೋಕೆ ಬರುತ್ತಲ್ಲ, ಊರಿನ ಹೆಸರನ್ನೇ ಬರೆಸಿಕೊಳ್ಳಬಾರದಾ?" ಎಂದಳು. ಮ್ಜೆ ಎಂದರೆ ಹಿರಿಯರು. ಹಿರಿಯರು ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು, "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು. ಸುನ್ ಹಕ್ಕಿಯ ಕೆಳಗೆ ಪ್ರಾಂತ್ಯ, ನಗರ ಎಲ್ಲವನ್ನೂ ತನ್ನ ಲಿಪಿಯಲ್ಲಿ ಬರೆದುಕೊಟ್ಟ. ಸರಕಿನ ಹಳೇ ಕಾಗದಗಳ ಜೊತೆ ಹೋಲಿಸಿ ನೋಡಿದರೆ ಅದು ಲಿಯಾವೊನಿಂಗ್‌ನ ಚಾವ್‌ಯಾಂಗ್ ಆಗಿತ್ತು. ಆಮೇಲೆ ವಾರಗಟ್ಟಲೆ ನಾನು ಅವರನ್ನು "ಸರ್, ಬಾತುಕೋಳಿ ಹ್ಯಾಗಿತ್ತು?" ಎಂದು ಕಾಡಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ನನ್ನ ನಾಲಿಗೆಗೆ ಕಡಿವಾಣ ಬಿದ್ದದ್ದು ಅವರು ನಿವೃತ್ತರಾಗುವ ವಾರ. ಸುನ್‌ನ ಮಗಳಿಗೆ ಹೊರದೇಶದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಅಪ್ಪ ಸಹಿ ಹಾಕಿದ ಮೂಲ ಪತ್ರ ಹತ್ತು ದಿನದೊಳಗೆ ಅವಳ ಶಾಲೆಯ ಕೈ ಸೇರಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು. ಸುನ್ ಸಹಿ ಹಾಕಿ, ಲಕೋಟೆ ಅಂಟಿಸಿ, ವಿಳಾಸವನ್ನು ಅವಸರದಲ್ಲಿ ವಾಂಜಿರುವಿಗೆ ಬಾಯಲ್ಲಿ ಹೇಳಿ ಗಾಡಿ ಹತ್ತಿದ. ಫೋನೂ ಸಿಗದ ಉತ್ತರದ ಊರೊಂದರಲ್ಲಿ ಅವನಿಗೆ ಯಂತ್ರ ಜೋಡಿಸುವುದಿತ್ತು. ಅವಳು ಬರೆದುಕೊಂಡದ್ದು: ಒಂದನೇ ನಂಬರ್ ಮಿಡ್ಲ್ ಸ್ಕೂಲ್, ಚಾವ್‌ಯಾಂಗ್, ಚೀನಾ. ಅಲ್ಲಿ ಹೈಸ್ಕೂಲಿಗೂ ಮಿಡ್ಲ್ ಸ್ಕೂಲ್ ಎಂದೇ ಹೆಸರು. ಕೊರಿಯರಿನವನು ಫೋನು ಮಾಡಿ ಯಾವ ಸಿಟಿ ಎಂದು ಕೇಳಿದ. ವಾಂಜಿರು ಊಟಕ್ಕೆ ಹೋಗಿದ್ದಳು. ಎತ್ತಿದವಳು ನಾನು. ಕೈತುಂಬ ಕೆಲಸವಿತ್ತು, ಬಾಯಿಗೆ ಬಂದದ್ದು ಬೀಜಿಂಗ್. ಹಾಗೇ ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆ ರಂಗನಾಥಯ್ಯನವರು ರಸೀದಿಯನ್ನು ಎತ್ತಿಕೊಂಡು ಓದಿದರು. ಪೆನ್ನು ತೆಗೆಯಲೇ ಇಲ್ಲ. ಅದನ್ನು ನೋಡಿ ನನಗೆ ಭಯವಾಯಿತು.

"ಏನಮ್ಮಾ ಇದು? ಕಲ್ಲಿನ ಹಕ್ಕಿ ಮರೆತೇ ಹೋಯ್ತಾ?"

"ಸರ್, ಸಾರಿ... ಬೀಜಿಂಗ್‌ನವರು ಮುಂದಕ್ಕೆ ಕಳಿಸಲ್ವಾ?"

"ಅಲ್ಲೂ ಚಾವ್‌ಯಾಂಗಿದೆ, ಅಲ್ಲೂ ಒಂದನೇ ನಂಬರ್ ಸ್ಕೂಲಿದ್ದೇ ಇರುತ್ತೆ. ಅಂಥ ಹುಡುಗಿ ನಮ್ಮಲ್ಲಿಲ್ಲ ಅಂತ ವಾಪಸು ಕಳಿಸೋ ಹೊತ್ತಿಗೆ ತಿಂಗಳಾಗಿರುತ್ತೆ. ಏಳು, ಏಳು."

ಜಾತಕದ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದೆವು. ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ಕಿನಲ್ಲಿ ವ್ಯಾನು ನಿಂತೇಬಿಟ್ಟಿತು. ಒಳಗೆ ಕಿವಿ ಕಿತ್ತುಹೋಗುವಷ್ಟು ಹಾಡು. ಅರವತ್ತು ದಾಟಿದ ಆ ಮನುಷ್ಯ ನಡುವೆಯೇ ಇಳಿದು, ಪ್ಯಾಂಟಿನ ತುದಿ ಮಡಚಿ, ಕೆಂಪು ಮಣ್ಣಿನ ಬದಿಯಲ್ಲಿ ನಡೆದೇಬಿಟ್ಟರು. ನಾನು ಹಿಂದೆ ಓಡಿದೆ. ಕೊರಿಯರ್ ಆಫೀಸಿನಲ್ಲಿ ನಮ್ಮ ಲಕೋಟೆ ವಿಮಾನ ನಿಲ್ದಾಣಕ್ಕೆ ಹೊರಟ ಚೀಲದೊಳಗಿತ್ತು. ಕಟ್ಟಿದ ಚೀಲ ಬಿಚ್ಚುವುದಿಲ್ಲ ಎಂದು ಕೌಂಟರಿನವನು ಹಟ ಹಿಡಿದ. ಇವರು ಇಂಗ್ಲಿಷು, ಸ್ವಾಹಿಲಿ ಎರಡರಲ್ಲೂ ಬೇಡಿದರು, ನಡುವೆ ಸಿಟ್ಟಿಗೆ ಕನ್ನಡವೂ ಬಂತು. ಕೊನೆಗೆ, ನಿನ್ನೂರು ಯಾವುದಪ್ಪಾ ಎಂದು ಕೇಳಿದರು. ಅವನು ಹೇಳಿದ. ಯಾವುದು ಎಂದರು. ನಮ್ಮಲ್ಲೂ ಆ ಹೆಸರಿನವು ಎರಡಿವೆ ಎಂದು ಅವನು ನಕ್ಕ. ನಿನ್ನಮ್ಮ ಕಳಿಸಿದ ಪತ್ರ ಇನ್ನೊಂದಕ್ಕೆ ಹೋದರೆ ಎಂದು ಇವರು ಕೇಳಿದಾಗ ಅವನು ಎದ್ದುಹೋಗಿ ಚೀಲ ಬಿಚ್ಚಿದ.

ಬೀಜಿಂಗನ್ನು ಹೊಡೆದು ಲಿಯಾವೊನಿಂಗ್ ಬರೆದೆವು. ಸುನ್‌ನ ಕೈಬರಹವಿದ್ದ ಜೆರಾಕ್ಸನ್ನು ಹಕ್ಕಿಯ ಸಮೇತ ಲಕೋಟೆಯ ಮೇಲೆ ಅಂಟಿಸಿದರು. "ಅಸಾಂಟೆ, ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುತ್ತಾ ಕೌಂಟರಿನವನ ಕೈಯನ್ನು ಬಿಡದೆ ಕುಲುಕಿದರು. ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೂರು ದಿನ ಕಳೆದು ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಜಾತಕವನ್ನು ನನ್ನ ಕೈಗಿಟ್ಟರು.

"ತಲುಪಿತೋ ಇಲ್ವೋ ತಿಳಿಸಮ್ಮಾ. ಮಗೂ ಓದಿನ ವಿಷಯ, ನಿದ್ದೆ ಬರಲ್ಲ ನಂಗೆ."

"ನಿಮ್ಮ ಅಲ್ಲಿನ ನಂಬರು ಸರ್?"

"ತಂಗಿ ಮನೇಲಿರ್ತೀನಿ. ಫೋನು ತಗೊಂಡ ಮೇಲೆ ನಾನೇ ಮಾಡ್ತೀನಿ. ಅಡ್ರೆಸ್ಸು ಆಫೀಸು ರಿಜಿಸ್ಟರಲ್ಲಿದೆ."

ಅವರು ಫೋನು ಮಾಡಲೇ ಇಲ್ಲ. ಅವರ ನೈರೋಬಿಯ ನಂಬರು ಸತ್ತುಹೋಗಿತ್ತು. ಎರಡು ತಿಂಗಳ ಮೇಲೆ ಸುನ್ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟ. ಪತ್ರ ಗಡುವಿಗೆ ಎರಡು ದಿನ ಮೊದಲೇ ತಲುಪಿ ಮಗಳು ಕಾಲೇಜು ಸೇರಿದ್ದಳು. ಡಬ್ಬಿಯಲ್ಲಿ ಅವನೂರಿನ ಒಣಗಿದ ಕೆಂಪು ಎಲಚಿ ಹಣ್ಣು. ಮೇಲೆ ಆ ಹುಡುಗಿಯೇ ಇಂಗ್ಲಿಷಿನಲ್ಲಿ 'ಮಿಸ್ಟರ್ ರಂಗ ಅವರಿಗೆ' ಎಂದು ಬರೆದಿದ್ದಳು. ಕಳಿಸೋಣವೆಂದು ನಾನು ರಿಜಿಸ್ಟರು ತೆಗೆದೆ. ಖಾಯಂ ವಿಳಾಸದ ಎದುರು ಅವರದೇ ಮುದ್ದಾದ ಅಕ್ಷರ: ರಾಮಪುರ, ಕರ್ನಾಟಕ.

ಅಷ್ಟೇ. ತಾಲ್ಲೂಕಿಲ್ಲ, ಜಿಲ್ಲೆಯಿಲ್ಲ. ಊರೂರಿಗೆಲ್ಲ ಅಪ್ಪನ ಹೆಸರು ಕೇಳುತ್ತಿದ್ದವರು ತಮ್ಮೂರನ್ನು ಅನಾಥವಾಗಿ ಬಿಟ್ಟುಹೋಗಿದ್ದರು! ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ "ಚಾವ್‌ಯಾಂಗ್" ಎಂದು ಸುಮ್ಮನೆ ನಕ್ಕಿದ್ದ ಸುನ್ ನೆನಪಾದ. ಅವನಿಗೂ ಆ ಹೆಸರಿನ ಊರು ಒಂದೇ ಇತ್ತು.

ನಮ್ಮಲ್ಲಿ ರಾಮಪುರಗಳಿಗೇನು ಬರ? ಮೊಳಕಾಲ್ಮೂರಿನ ಕಡೆಯದೊಂದು, ಬೆಂಗಳೂರಿನ ಹೊರಗೊಂದು, ಮೈಸೂರಿನ ಸುತ್ತ ಮತ್ತಷ್ಟು. ಅವರು ಮೈಸೂರು ಕಡೆಯವರಾದರೂ ತಂಗಿಯ ಮನೆ ಎಲ್ಲಿ ಬೇಕಾದರೂ ಇರಬಹುದೆಂದು ಜಾತಕದಲ್ಲಿ ಹೊಸ ಪುಟ ತೆರೆದು ಏಳನ್ನು ಬರೆದುಕೊಂಡೆ. ಡಬ್ಬಿ ಒಂದೇ ಇದ್ದುದರಿಂದ ಅದನ್ನು ಇಟ್ಟುಕೊಂಡು, ಏಳಕ್ಕೂ ಒಂದೇ ಕಾಗದ ಬರೆದು ಹಾಕಿದೆ: 'ಪತ್ರ ತಲುಪಿತು ಸರ್. ಹುಡುಗಿ ಓದುತ್ತಿದ್ದಾಳೆ. ನಿಮಗೊಂದು ಡಬ್ಬಿ ಬಂದಿದೆ, ವಿಳಾಸ ತಿಳಿಸಿ.' ಆರು ಕಾಗದ ಒಂದೊಂದಾಗಿ ವಾಪಸು ಬಂದವು. ಏಳನೆಯದೂ ಕೊನೆಗೆ ಬಂತು, ಆದರೆ ಬೇರೆ ಲಕೋಟೆಯೊಳಗೆ. ಕಾಗದದ ತಲೆಯಲ್ಲಿ ನಾನು ಬರೆದಿದ್ದ 'ಹರ್ಲಿಂಗ್‌ಹ್ಯಾಮ್' ಎಂಬುದಕ್ಕೆ ಕೆಂಪು ಸುತ್ತು ಬಿದ್ದಿತ್ತು. ಪಕ್ಕದಲ್ಲಿ, 'ಯಾವುದು? ಲಂಡನ್ನಿನಲ್ಲೂ ಒಂದಿದೆ.' ಕೆಳಗೆ, 'ಈಗ ನಿದ್ದೆ ಬರುತ್ತದಮ್ಮಾ. ಡಬ್ಬಿ ಕಳಿಸು.'

ಅದರ ಕೆಳಗೆ ಸಹಿ, ವಿಳಾಸ. ಅಂಚೆಯ ಮುದ್ರೆ ಮಸಿ ಹರಡಿ ಏನೂ ಓದಲಾಗುತ್ತಿರಲಿಲ್ಲ. ವಾಪಸು ಬಂದ ಆರನ್ನು ಹೊಡೆದುಹಾಕಿದರೆ ಉಳಿದದ್ದು ಯಾವ ರಾಮಪುರವೆಂದು ನನಗೀಗ ಗೊತ್ತಿತ್ತು. ಡಬ್ಬಿಯ ಮೇಲೆ ತಾಲ್ಲೂಕು, ಜಿಲ್ಲೆ, ಪಿನ್‌ಕೋಡು ಎಲ್ಲವನ್ನೂ ಬಿಡಿಸಿ ಬರೆದೆ. ಅವರು ಬರೆದಿದ್ದು ಮಾತ್ರ ಆಗಲೂ ಬರೀ ರಾಮಪುರ.