ನದಿಯ ಅಳತೆ, ತಂಗಿಯ ಇಂಜಿನ್

ನಿವೃತ್ತಿಯವರೆಗೆ ನಾನು ಭೀಮರಾಯನಗುಡಿ ನೀರಾವರಿ ಕ್ಯಾಂಪಿನ ವೈರ್‌ಲೆಸ್ ಕೋಣೆಯಲ್ಲಿ ಕೆಲಸ ಮಾಡಿದವನು. ಮಳೆಗಾಲದಲ್ಲಿ ಗಂಟೆಗೊಮ್ಮೆ ನದಿಯ ಮಟ್ಟ ಕೇಳಿಬರುತ್ತಿತ್ತು. ಕೇಳಿದ್ದನ್ನು ತಿರುಗಿ ಹೇಳಬೇಕು, ಆ ಕಡೆಯವರು ಸರಿ ಎಂದ ಮೇಲೆಯೇ ಬರೆದುಕೊಳ್ಳಬೇಕು. ಯಾವ ಜಾಗ, ಯಾವ ಹೊತ್ತು, ಎಷ್ಟು ಮಟ್ಟ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಸುದ್ದಿಯಲ್ಲ, ಗಾಳಿಮಾತು. ಮನೆಯಲ್ಲೂ ನಾನು ಹೀಗೆಯೇ. ಸಂತೆಯಿಂದ ಬಂದವರನ್ನು ಬದನೆಕಾಯಿಯ ದರ ಕೇಳಿದರೂ ಅದು ಎಷ್ಟು ಹೊತ್ತಿನ ದರ ಎಂದು ಕೇಳುತ್ತೇನೆ.

ನಮ್ಮ ಕಾಲದಲ್ಲಿ ದಂಡೆಯ ಮೇಲೆ ಒಬ್ಬ ಮನುಷ್ಯ ನಿಂತು, ಬಣ್ಣ ಬಳಿದ ಅಳತೆಪಟ್ಟಿ ನೋಡಿ ಮಟ್ಟ ಹೇಳುತ್ತಿದ್ದ. ಪ್ರವಾಹ ಜೋರಾದಾಗಲೇ ಪಟ್ಟಿಯ ಹತ್ತಿರ ಹೋಗಲು ಆಗುತ್ತಿರಲಿಲ್ಲ. ಸುದ್ದಿ ಬೇಕಾದ ಹೊತ್ತಿಗೇ ಸುದ್ದಿ ನಿಲ್ಲುತ್ತಿತ್ತು. ಈಗ ಸೇತುವೆಯ ಕಮಾನಿಗೆ ಒಂದು ಸಣ್ಣ ಪೆಟ್ಟಿಗೆ ಕಟ್ಟಿದ್ದಾರೆ, ಪಕ್ಕದಲ್ಲಿ ಸೌರಫಲಕ. ಪೆಟ್ಟಿಗೆ ಕೆಳಗಿನ ನೀರಿಗೆ ಒಂದು ತರಂಗ ಬಿಡುತ್ತದೆ, ಅದು ನೀರಿಗೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ನೀರು ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. ಲೆಕ್ಕ ಅಷ್ಟೇ. ಮಳೆಯಿರಲಿ ಬಿಸಿಲಿರಲಿ, ಯಾರೂ ಕೇಳದಿದ್ದರೂ ತನ್ನ ಹೊತ್ತಿಗೆ ತಾನು ಅಳೆದು ಕಳಿಸುತ್ತದೆ. ಶಿಸ್ತು ಎಂದರೆ ಇದು. ಮೊದಲ ಸಲ ಮೊಬೈಲಿನಲ್ಲಿ ಆ ಅಂಕಿ ನೋಡಿದಾಗ, ನನ್ನ ಕೆಲಸಕ್ಕೆ ನನಗಿಂತ ಒಳ್ಳೆಯವನು ಬಂದಿದ್ದಾನೆ ಎನ್ನಿಸಿ ಸಂತೋಷವಾಯಿತು.

ನನ್ನ ತಂಗಿಯನ್ನು ಕೊಟ್ಟದ್ದು ಶಹಾಪುರದಾಚೆ, ಕೃಷ್ಣೆಯ ದಂಡೆಯ ಹಳ್ಳಿಗೆ. ಗಂಡ ತೀರಿದ ಮೇಲೆ ಹೊಲ ಅವಳೇ ನೋಡುತ್ತಾಳೆ. ನದಿಯಂಚಿನಲ್ಲಿ ಡೀಸೆಲ್ ಇಂಜಿನ್ ಇಟ್ಟು ಭತ್ತಕ್ಕೆ ನೀರೆತ್ತುತ್ತಾಳೆ. ಇಂಜಿನ್ ನೀರಿನ ಹತ್ತಿರವೇ ಇರಬೇಕು, ದೂರ ಎತ್ತರಕ್ಕೆ ಇಟ್ಟರೆ ಅದು ನೀರು ಎಳೆಯುವುದಿಲ್ಲ. ಹತ್ತಿರ ಇಟ್ಟರೆ, ನದಿ ಏರಿದ ದಿನ ಮುಳುಗುತ್ತದೆ.

ಒಂದು ಮಳೆಗಾಲದಲ್ಲಿ ಆ ಊರಿನವರ ಮೊಬೈಲುಗಳಲ್ಲಿ ಒಂದು ವಿಡಿಯೊ ಓಡಾಡಿತು: ಉಕ್ಕುವ ನದಿ, ಮುಳುಗಿದ ಸೇತುವೆ. ಎಲ್ಲರೂ ಹೌಹಾರಿ ಇಂಜಿನ್ನುಗಳನ್ನು ಮೇಲಕ್ಕೆ ಎಳೆದರು. ನದಿ ಮಾತ್ರ ಇದ್ದಲ್ಲೇ ಇತ್ತು. ವಿಡಿಯೊದಲ್ಲಿದ್ದದ್ದು ಹಿಂದಿನ ವರ್ಷದ ನೀರು. ಮತ್ತೆ ಇಳಿಸುವಷ್ಟರಲ್ಲಿ ತಂಗಿ ಆಗತಾನೆ ನಾಟಿ ಮಾಡಿಸಿದ್ದ ಗದ್ದೆಯಲ್ಲಿ ಬಿರುಕು ಬಿಟ್ಟಿತ್ತು. ಇನ್ನು ಯಾರ ಮಾತಿಗೂ ಇಂಜಿನ್ ಎತ್ತುವುದಿಲ್ಲ ಎಂದು ಅವಳು ಹಟ ಹಿಡಿದಳು.

ಕೆಲವೇ ದಿನಗಳಲ್ಲಿ, ಸುರಪುರದ ಕಡೆ ನದಿಯ ಮೇಲ್ಭಾಗದಲ್ಲಿರುವ ಅಳತೆ ಕೇಂದ್ರದ ಅಂಕಿ ಏರತೊಡಗಿತು. ನಮ್ಮಲ್ಲಿ ಸುಡುಬಿಸಿಲು. ಮುಂಜಾನೆಯ ಬಸ್ಸು ಹಿಡಿದು ತಂಗಿಯ ಹೊಲಕ್ಕೆ ಹೋದೆ.

"ಅಣ್ಣಾ, ಮೋಡ ಎಲ್ಲಿ ಅದ, ತೋರಿಸು," ಎಂದಳು ಅವಳು, ಸೊಂಟಕ್ಕೆ ಕೈಯಿಟ್ಟು.

"ಮೋಡ ಘಟ್ಟದ ಮ್ಯಾಲ ಅದ. ನೀರು ನಡಕೊಂಡು ಇಲ್ಲಿಗೆ ಬರ್ತದ."

ಪಕ್ಕದ ಹೊಲದವನು ಟ್ರ್ಯಾಕ್ಟರ್ ಮೇಲೆ ಕೂತು ಕೇಳುತ್ತಿದ್ದ. ಊರ ಸಂಬಂಧದಲ್ಲಿ ಅವನಿಗೆ ನಾನು ಮಾವ. "ಯಾಕ್ರಿ ಮಾಮಾ, ನಿಮಗೂ ವಿಡಿಯೊ ಬಂತೇನ್ರಿ?" ಎಂದು ನಕ್ಕ.

ತಂಗಿಗೆ ಅಂಕಿ ತೋರಿಸಿದೆ. ಹೊಲದ ಸಮೀಪದ ಸೇತುವೆಯ ಪೆಟ್ಟಿಗೆ ಕಳಿಸಿದ ಮಟ್ಟ ಅದು, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು.

"ಸಮುದ್ರ ಎಲ್ಲದ, ನನ್ನ ಇಂಜಿನ್ ಎಲ್ಲದ? ಇದನ್ನ ತಗೊಂಡು ನಾ ಏನು ಮಾಡ್ಲಿ?" ಎಂದಳು ಅವಳು.

ಒಳ್ಳೆಯ ಪ್ರಶ್ನೆ. ಅವಳೇ ತೊಗರಿಕಟ್ಟಿಗೆಯ ಒಂದು ಗೂಟ ತಂದು ನೀರಿನ ಅಂಚಿನಲ್ಲಿ ನೆಟ್ಟಳು. "ಈಗ ನಿನ್ನ ಪೆಟ್ಟಿಗೆ ಏನಂತದ, ಹೇಳು." ಹೇಳಿದೆ. ಆಮೇಲೆ ನಾವು ಬೇವಿನ ನೆರಳಲ್ಲಿ ಕೂತು ರೊಟ್ಟಿ ಪುಂಡಿಪಲ್ಲೆ ಉಂಡೆವು. ನಾನು ಹೊಸ ಅಂಕಿ ಓದಿದಾಗಲೆಲ್ಲ ಅವಳು ಎದ್ದು ಹೋಗಿ ನೋಡಿಬರುತ್ತಿದ್ದಳು. ನೀರು ಒಂದು ಗೇಣು ಏರಿದೆ ಎಂದು ನಾನು ಹೇಳಿದಾಗ ಗೂಟದ ಮೇಲೆ ನೀರು ಒಂದು ಗೇಣು ಹತ್ತಿತ್ತು. ಒಮ್ಮೆ ಅವಳೇ ಮೊದಲು ನೋಡಿಬಂದು, "ಈಗ ನೀ ಓದು, ನಾ ಹೇಳೂದಿಲ್ಲ," ಎಂದು ಪರೀಕ್ಷೆ ಮಾಡಿದಳು. ನಾನು ಓದಿದ್ದು ಸರಿಬಂತು.

"ಸುಳ್ಳು ಹೇಳೂದಿಲ್ಲ ಬಿಡು ಇದು," ಎಂದಳು. ನನ್ನ ಬಗ್ಗೆ ಅಲ್ಲ, ಪೆಟ್ಟಿಗೆಯ ಬಗ್ಗೆ. ಈಗ ಅವಳಿಗೆ ಲೆಕ್ಕ ಸಿಕ್ಕಿತ್ತು. ಗೂಟದ ಬುಡದಿಂದ ಇಂಜಿನ್ ಇಟ್ಟ ಕಲ್ಲು ಎಷ್ಟು ಎತ್ತರ ಎಂದು ಮೊಳದಲ್ಲಿ ಅಳೆದಳು. ಅದನ್ನು ನಾನು ಮೀಟರಿಗೆ ತಿರುಗಿಸಿ, ಅಂಕಿ ಎಷ್ಟಾದರೆ ಕಲ್ಲು ಮುಳುಗುತ್ತದೆ ಎಂದು ಹೇಳಿದೆ. ಸಮುದ್ರದ ಲೆಕ್ಕ ಅವಳ ಕಲ್ಲಿಗೆ ಬಂದು ನಿಂತಿತು.

"ಅಲ್ಲಿಗೆ ಯಾವಾಗ ಮುಟ್ತದ?"

"ಅದನ್ನ ಈ ಪೆಟ್ಟಿಗೆ ಹೇಳೂದಿಲ್ಲ. ಇದು ಈಗಿಂದಷ್ಟೇ ಹೇಳ್ತದ. ಮುಂದಿಂದು ತಿಳೀಬೇಕಂದ್ರ ಮ್ಯಾಲಿನ ಕೇಂದ್ರ ನೋಡಬೇಕು. ಅಲ್ಲಿ ಏರಿದ ನೀರು ಆಮ್ಯಾಲ ಇಲ್ಲಿಗೆ ಬರ್ತದ."

ಮೇಲಿನ ಕೇಂದ್ರದಲ್ಲಿ ಏರಿಕೆ ನಿಂತಿರಲಿಲ್ಲ, ಇನ್ನೂ ಜೋರಾಗಿತ್ತು. ಅವಳು ಪಕ್ಕದವನನ್ನು ಕೂಗಿದಳು: "ಏ, ಹಗ್ಗ ತಾ. ಮೊದಲು ನಂದು, ಆಮ್ಯಾಲ ನಿಂದು."

"ನಂದ್ಯಾಕ ಎತ್ತಲಿ, ಕಾಕಿ?"

"ಎತ್ತಬ್ಯಾಡ. ನಾಳೆ ಈಜಿ ತಗೊಂಬಾ."

ಅವನು ಗೊಣಗುತ್ತಲೇ ಎರಡನ್ನೂ ಎಳೆದ. ಹೊತ್ತು ಮುಳುಗುವ ಮುಂಚೆ ನೀರು ಕಲ್ಲನ್ನು ನುಂಗಿತು.

ಇಂಜಿನ್ ಉಳಿಯಿತು, ಆದರೆ ತಂಗಿಯ ಮುಖ ಅರಳಲಿಲ್ಲ. ಒಮ್ಮೆ ಒಣಗಿ ಚೇತರಿಸಿಕೊಂಡಿದ್ದ ಸಸಿ ಮತ್ತೊಮ್ಮೆ ತಡೆಯುತ್ತದೆಯೇ ಎಂಬುದು ಅವಳ ಚಿಂತೆ. ಗದ್ದೆ ಎತ್ತರದಲ್ಲಿತ್ತು. ಮುಂದೆ ಸಮುದ್ರದಂತೆ ನೀರು, ಅದರ ಅಂಚು ಒಂದೆಡೆ ನಿಲ್ಲದೆ ಇಂಜಿನ್ ಕೂರಿಸುವಂತಿಲ್ಲ, ಗದ್ದೆಗೆ ಒಂದು ಹನಿ ಇಲ್ಲ. ನೀರು ಬರುತ್ತದೆ ಎಂದು ಡಂಗುರ ಸಾರುತ್ತಾರೆ, ಇಳಿಯಿತು ಎಂದು ಯಾರೂ ಸಾರುವುದಿಲ್ಲ. ಊರವರು ಕೆಸರು ಒಣಗಲಿ, ಯಾರಾದರೂ ಮೊದಲು ಇಳಿಯಲಿ ಎಂದು ಕಾಯುತ್ತಾರೆ.

ಪೆಟ್ಟಿಗೆಗೆ ಏರುವ ನೀರೂ ಒಂದೇ, ಇಳಿಯುವ ನೀರೂ ಒಂದೇ. ಜನರ ಗದ್ದಲ ಮುಗಿದು, ಸುದ್ದಿಯವರು ಕ್ಯಾಮರಾ ಮಡಚಿ ಹೋದ ಮೇಲೂ ಅದು ಅಳೆಯುತ್ತಲೇ ಇತ್ತು. ತಂಗಿಯ ಮನೆಯಲ್ಲೇ ಉಳಿದಿದ್ದ ನಾನು ಅದನ್ನು ಹೆಚ್ಚು ಮೆಚ್ಚಿದ್ದು ಆ ದಿನಗಳಲ್ಲಿ. ತಂಗಿ ಎದ್ದ ಕೂಡಲೇ ಮೊಬೈಲು ತೆಗೆದು ತಾನೇ ನೋಡುತ್ತಿದ್ದಳು. ಒಂದು ಮುಂಜಾನೆ ನಾನು ಹಲ್ಲುಜ್ಜುತ್ತಿದ್ದಾಗ ಅಂಗಳಕ್ಕೆ ಬಂದಳು.

"ಅಣ್ಣಾ, ಕಲ್ಲು ಬಯಲಿಗೆ ಬಂದದ."

"ಹೋಗಿ ನೋಡಿದೇನು?"

"ನೋಡಿಲ್ಲ. ಅಂಕಿ ಇಳದದ."

"ಮ್ಯಾಲಿನ ಕೇಂದ್ರ?"

"ಅದೂ ಇಳ್ಯಾಕತ್ತದ. ಅದನ್ನ ನೋಡೇ ನಿನ್ನ ಮುಂದ ಬಂದೇನಿ."

ಟ್ರ್ಯಾಕ್ಟರಿನವನು, "ಎಲ್ಲಾರೂ ಇಳಿಸ್ಲಿ ತಡಿ ಕಾಕಿ, ಮತ್ತ ಬಂದ್ರ?" ಎಂದ.

"ಮತ್ತ ಬಂದ್ರ ಅದು ಮೊದಲು ನನಗ ಹೇಳ್ತದ. ನಡಿ."

ದಂಡೆಯಲ್ಲಿ ಕಲ್ಲು ಕೆಸರು ಮೆತ್ತಿಕೊಂಡು ಬಯಲಿಗೆ ಬಂದಿತ್ತು. ಅದನ್ನು ತೊಳೆದು ಇಂಜಿನ್ ಕೂರಿಸಿದೆವು. ಎರಡು ಸಲ ಕೆಮ್ಮಿ ಅದು ಶುರುವಾಯಿತು. ಗದ್ದೆಯ ಸಸಿಗಳ ತುದಿ ಹಳದಿಯಾಗಿತ್ತು, ಬುಡ ಇನ್ನೂ ಹಸಿರಾಗಿತ್ತು. ಮಣ್ಣುಬಣ್ಣದ ನೀರು ಕಾಲುವೆಯಲ್ಲಿ ನುಗ್ಗಿ ಗದ್ದೆಯ ಅಂಚಿಗೆ ಬಂತು. ತಂಗಿ ಸೀರೆ ಎತ್ತಿಕಟ್ಟಿ, ಸಲಿಕೆ ಹಿಡಿದು, ಬಿರುಕುಗಳಿಗೆ ನೀರು ಬಿಡಲು ಮೊದಲನೆಯ ಮಡಿಯ ಒಡ್ಡು ಕಡಿದಳು.