‘ಜಾತ್ಯತೀತ’ ಓದಿದ ದಿನದ ಮೈಲಿಗೆ

ನವೆಂಬರ್ ೨೬, ಸಂವಿಧಾನ ದಿನ. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರಿನ ಶಾಲೆಯಲ್ಲಿ ಜಾಗ ಸಾಲದೆ, ಪೀಠಿಕೆಯನ್ನು ಈಶ್ವರನ ಗುಡಿಯ ಅಂಗಳದಲ್ಲಿ ಓದಿಸಿದರು. ಗುಡಿ ಮುಜರಾಯಿಯದು, ಅಪ್ಪ ಅದರ ಅರ್ಚಕರು. ಸರ್ಕಾರ ವರ್ಷಕ್ಕೊಮ್ಮೆ ಪೂಜೆಯ ಖರ್ಚಿಗೆಂದು ತಸ್ತೀಕು ಹಣ ಕೊಡುತ್ತದೆ. ಮಿಕ್ಕ ದಿನ ಊರೇ ನಮಗೆ ದಿಕ್ಕು.

ಮೇಷ್ಟ್ರು ‘ಜಾತ್ಯತೀತ’ ಎಂದರು, ನಾವೆಲ್ಲ ಹಾಗೆಯೇ ಹೇಳಿದೆವು. ಮುಗಿದ ಮೇಲೆ ದಲಿತರ ಕಾಲೊನಿಯ ಗಾರೆ ಕೆಲಸದವನೊಬ್ಬ ಎದ್ದು ನಿಂತ. ಹತ್ತನೆಯ ತರಗತಿವರೆಗೆ ನನ್ನ ಜೊತೆ ಓದಿದವನು.

“ಜಾತಿ ಮೀರಿದ್ದು ಅಂತ ಈಗ ತಾನೇ ಎಲ್ರೂ ಬಾಯ್ಬುಟ್ಟು ಹೇಳುದ್ರಲ್ಲ. ಅಂಗಾರೆ ಒಳೀಕೆ ಹೋಯ್ತೀನಿ.”

“ಆ ಅರ್ಥ ಅಲ್ಲ ಕಣಪ್ಪ,” ಎಂದರು ಮೇಷ್ಟ್ರು. “ಸರ್ಕಾರ ಯಾವ ಧರ್ಮದ ಕಡೇಗೂ ವಾಲಬಾರದು ಅಂತ.”

“ಅಂಗಾದ್ರೆ ಅಯ್ನೋರಿಗೆ ಸಂಬ್ಳ ಯಾರು ಕೊಡ್ತಾವ್ರೆ ಸಾ?”

ಕೆಲವರು ನಕ್ಕರು. ಅವನು ಹೊಸಿಲು ದಾಟಿದ. ಅಪ್ಪ ಅವನಿಗೆ ಮಂಗಳಾರತಿ ತಟ್ಟೆ ಹಿಡಿದರು.

ಊರ ಯಜಮಾನರು ಅವನ ಅಂಗಿ ಹಿಡಿದು ಹೊರಗೆಳೆದರು. “ಪುಸ್ತಕದ ಮಾತು ಪುಸ್ತಕದಲ್ಲೇ ಇರ್ಲಿ ಕಣ್ಲಾ.” ಅಂಗಳಕ್ಕೆ ತಾಗಿದ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ನಿಂತಿತ್ತು. ಅವರ ಕಡೆಯ ನಾಲ್ವರು ಜಲ್ಲೆ ಎಳೆದುಕೊಂಡು ಅಂಗಳದಲ್ಲೇ ಬಡಿದರು, ಮುರಿದರೆ ಇನ್ನೊಂದು ಎಳೆದರು. ಒಂಬತ್ತು ಜಲ್ಲೆ ಮುರಿದವು. ಅವನು ಅಡ್ಡ ಹಿಡಿದ ಮುಂಗೈಯೂ ಮುರಿಯಿತು. ಎರಡರ ಸದ್ದೂ ಒಂದೇ ಥರ ಇತ್ತು. ಮೇಷ್ಟ್ರು ಅವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

“ಗುಡಿ ಮೈಲಿಗೆ ಆಗೋಯ್ತು ಅಯ್ನೋರೆ,” ಎಂದರು ಯಜಮಾನರು. “ಮಂತ್ರ ಹೇಳಿ ಪುಣ್ಯಾಹ ಮಾಡ್ಬುಡಿ.”

“ರಕ್ತ ಬಿದ್ದಿದೆ, ತೊಳೀತೀನಿ. ಪುಣ್ಯಾಹ ಮಾಡಿದ್ರೆ ಅವನು ಬಂದದ್ದೇ ತಪ್ಪು ಅಂತ ನಾನು ಒಪ್ಪಿದ ಹಾಗೆ. ಮಾಡೋಲ್ಲ.”

ಯಜಮಾನರ ಮುಷ್ಟಿ ಅಪ್ಪನ ಬಾಯಿಗೆ ಬಿತ್ತು. ಎರಡು ಹಲ್ಲು ಹೋದವು, ತುಟಿಗೆ ಹೊಲಿಗೆ ಹಾಕಿದರು. ಈಗ ಬಲವಂತ ಮಾಡಿದರೂ ಆ ಬಾಯಲ್ಲಿ ಮಂತ್ರ ಹೊರಡುವಂತಿರಲಿಲ್ಲ. ಪೊಲೀಸರು ಹೇಳಿಕೆ ಬರೆದುಕೊಂಡು ಹೋದರು.

ನವೆಂಬರ್ ೨೮ರ ಬೆಳಿಗ್ಗೆ ಯಜಮಾನರು ನಾಗಮಂಗಲದ ಕಡೆಯಿಂದ ಬೇರೆ ಅರ್ಚಕರನ್ನು ಕರೆತಂದರು. ಅಷ್ಟರಲ್ಲಿ ಅಪ್ಪ ಹೋಗಿ ಹೊಸಿಲಿಗೆ ಅಡ್ಡ ಕೂತಿದ್ದರು. ಬಂದ ಅರ್ಚಕರು ಅಪ್ಪನ ಮುಖ ನೋಡಿ, “ಇವರನ್ನ ದಾಟಿ ಒಳಗೆ ಹೋಗೋದು ನನ್ನ ಕೈಲಾಗೋಲ್ಲ,” ಎಂದು ಹಿಂದೆ ಸರಿದರು.

ಯಜಮಾನರ ಕಡೆಯವರು ಅಪ್ಪನ ಕಾಲು ಹಿಡಿದು ಎಳೆದರು. ಅಪ್ಪ ಬಾಗಿಲುವಾಡ ತಬ್ಬಿಕೊಂಡರು. ಬಲಗೈಯ ಒಂದು ಉಗುರು ಕಿತ್ತು ಮರಕ್ಕೆ ಅಂಟಿತು. ನಾನು ಅಪ್ಪನ ಸೊಂಟ ಹಿಡಿದುಕೊಂಡೆ. ನನ್ನ ಬೆನ್ನಿಗೂ ಒದೆ ಬಿತ್ತು. ಎಳೆದು ಸಾಕಾದಾಗ ಯಜಮಾನರು ಪುಣ್ಯಾಹಕ್ಕೆ ತಂದಿದ್ದ ನೀರಿನ ಕೊಡವನ್ನು ಅಪ್ಪನ ತಲೆಯ ಮೇಲೆ ಸುರಿದರು.

“ಆಯ್ತು ಬುಡ್ರಿ ಶುದ್ಧಿ. ನಡೀರ್ಲಾ.”

ಹೊಲಿಗೆ ಬಿಚ್ಚಿ ಅಪ್ಪನ ಗಡ್ಡದಿಂದ ರಕ್ತ ಇಳಿಯುತ್ತಿತ್ತು. ಮಾತಾಡಲಾಗದೆ, ಹೋಗುತ್ತಿದ್ದವರ ಬೆನ್ನಿಗೆ ಅವರು ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದರು.